ಪೊಲೀಸರ ಮೇಲೆ ಕೊಟ್ಟ ದೂರು ಎಂತಾಯ್ತು? ಆ ಫೈಲ್ ಕೇಳಿ ತಗೊಳ್ಳುದು ಹೇಗೆ: ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೋದ ಮಳೆಗಾಲದಲ್ಲಿ ಪಕ್ಕದ್ಮನೆ ಅಕ್ಕ ಒಂದು ಕಾಗದ ಹಿಡ್ಕೊಂಡು ಬಂದ್ರು, ಮಲಯಾಳದಲ್ಲಿ ಉಂಟು, ಸ್ವಲ್ಪ ಓದಿ ಹೇಳು ಅಂತ. ಮೇಲೆ ದೊಡ್ಡ ಸೀಲು, ಫೈಲ್ ನಂಬರು, ತಾರೀಕು ಎಲ್ಲ ಉಂಟು, ವಿಷಯ ಮಾತ್ರ ಒಂದೇ ಸಾಲು: "ಪರಾತಿಯಿಲ್ ಉಚಿತಮಾಯ ನಡಪಡಿ ಸ್ವೀಕರಿಚ್ಚಿಟ್ಟುಂಡ್." ಅಂದ್ರೆ ದೂರಿನ ಮೇಲೆ ಸೂಕ್ತ ಕ್ರಮ ಆಗಿದೆ ಅಂತ. ಅವರ ಮಗ ಮಂಗಳೂರಲ್ಲಿ ಕೆಲಸ ಮುಗಿಸಿ ರಾತ್ರಿ ಬೈಕಲ್ಲಿ ಬರುವಾಗ ಚೆಕ್ಕಿಂಗಲ್ಲಿ ಮಾತಿಗೆ ಮಾತು ಬೆಳೆದು ನಮ್ಮ ಕಡೆಯ ಒಂದು ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಹೊಡೆದಿದ್ರು, ಮರುದಿನವೇ ಎಸ್‌ಪಿಗೆ ದೂರು ಕೊಟ್ಟಿದ್ರು, ಹದಿನಾಲ್ಕು ತಿಂಗಳು ಕಾದ ಮೇಲೆ ಬಂದದ್ದು ಈ ಒಂದು ಸಾಲು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಸೂಕ್ತ ಕ್ರಮ ಅಂದ್ರೆ ಎಂತ? ಅದನ್ನು ನಾವು ನೋಡ್ಲಿಕ್ಕೆ ಆಗುದಿಲ್ವಾ?"

ಆಗ್ತದೆ. ಎಲ್ಲವೂ ಅಲ್ಲ, ಸುಲಭದಲ್ಲಿಯೂ ಅಲ್ಲ, ಆದ್ರೆ ಕೇಳುವ ಕ್ರಮದಲ್ಲಿ ಕೇಳಿದ್ರೆ ತುಂಬಾ ಸಿಗ್ತದೆ. ನಾನು ಲಾಯರ್ ಅಲ್ಲ, ಐದಾರು ವರ್ಷದಿಂದ ಊರವರಿಗೆ ಮಾಹಿತಿ ಹಕ್ಕು ಅರ್ಜಿ ಬರ್ದು ಕೊಡ್ತಾ ಇದ್ದೇನೆ, ಆ ಅನುಭವದಲ್ಲಿ ಹೇಳುದು. ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಕೊಳ್ಳಿ, ಹೆಚ್ಚಿನವರು ತಪ್ಪುದು ಇಲ್ಲೇ. "ಇಂಥಾ ಪೊಲೀಸಿನವನ ಸರ್ವಿಸ್ ಬುಕ್ ಕೊಡಿ, ಅವನಿಗೆ ಈವರೆಗೆ ಆದ ಶಿಕ್ಷೆಯ ಪಟ್ಟಿ ಕೊಡಿ" ಅಂತ ಬರ್ದ್ರೆ ಬಾಗಿಲು ಅಲ್ಲೇ ಮುಚ್ತದೆ. "ನಾನು ಇಂಥಾ ತಾರೀಕಿಗೆ ಕೊಟ್ಟ ದೂರಿನ ಮೇಲೆ ನಿಮ್ಮ ಆಫೀಸಲ್ಲಿ ಎಂತೆಂತ ಕಾಗದ ಆಗಿದೆ, ಅದರ ಕಾಪಿ ಕೊಡಿ" ಅಂತ ಬರ್ದ್ರೆ ಅದೇ ವಿಷಯ ಬೇರೆ ದಾರಿಯಲ್ಲಿ ನಿಮ್ಮ ಕೈಗೆ ಬರ್ತದೆ. ದೂರಿನ ಕಡೆಯಿಂದ ಹೋಗಿ, ಮನುಷ್ಯನ ಕಡೆಯಿಂದ ಹೋಗ್ಬೇಡಿ.

ಫೈಲ್ ಒಳಗೆ ಎಂತ ಇರ್ತದೆ

ಕೇಳ್ಬೇಕಾದ್ರೆ ಹೆಸರು ಗೊತ್ತಿರ್ಬೇಕಲ್ಲ. ಕೇರಳದಲ್ಲಿ ಪೊಲೀಸರ ಮೇಲೆ ಇಲಾಖೆಯ ಕ್ರಮ ನಡೆಯುದು 1958ರ ಕೇರಳ ಪೊಲೀಸ್ ಡಿಪಾರ್ಟ್‌ಮೆಂಟಲ್ ಎನ್ಕ್ವೈರೀಸ್, ಪನಿಶ್‌ಮೆಂಟ್ ಆಂಡ್ ಅಪೀಲ್ ರೂಲ್ಸ್ ಪ್ರಕಾರ. ದೂರು ಬಂದ ಕೂಡ್ಲೆ ಅದಕ್ಕೊಂದು ಪೆಟಿಷನ್ ನಂಬರ್ ಬೀಳ್ತದೆ, ಯಾರಾದ್ರೂ ಮೇಲಿನ ಆಫೀಸರಿಗೆ ವಿಚಾರಿಸ್ಲಿಕ್ಕೆ ಕೊಡ್ತಾರೆ, ಅವರು ಬರೆಯುದು ಪ್ರಾಥಮಿಕ ವಿಚಾರಣೆಯ ರಿಪೋರ್ಟು. ಅದರಲ್ಲಿ ತಪ್ಪು ಕಂಡ್ರೆ ಚಾರ್ಜ್ ಮೆಮೊ, ಅಂದ್ರೆ ಆರೋಪ ಬರ್ದು ಕೊಡುವ ಕಾಗದ, ಆಮೇಲೆ ಓರಲ್ ಎನ್ಕ್ವೈರಿ, ಅಂದ್ರೆ ಸಾಕ್ಷಿಗಳನ್ನು ಕರೆದು ಕೇಳುವ ವಿಚಾರಣೆ, ಕೊನೆಗೆ ಫೈನಲ್ ಆರ್ಡರ್. ಆ ಆರ್ಡರಲ್ಲಿ ಸೆನ್ಶರ್ (ಛೀಮಾರಿ) ಇರ್ಬಹುದು, ಇನ್ಕ್ರಿಮೆಂಟ್ ತಡೆ ಇರ್ಬಹುದು, ತುಂಬಾ ದೊಡ್ಡದಾದ್ರೆ ಡಿಸ್ಮಿಸ್ ಕೂಡ. ಇದು ಇಲಾಖೆಯ ಫೈಲ್ ಮಾತ್ರ. ಇದರ ಹೊರಗೆ ಸ್ಟೇಷನ್ನಿನ ಜನರಲ್ ಡೈರಿ ಉಂಟು, ಎಲ್ಲರೂ ಜಿ.ಡಿ. ಅಂತ ಹೇಳುದು, ಯಾರು ಎಷ್ಟು ಗಂಟೆಗೆ ಬಂದ್ರು, ಯಾರನ್ನು ಕರ್ಕೊಂಡು ಬಂದ್ರು, ಯಾವಾಗ ಬಿಟ್ರು, ಡ್ಯೂಟಿಯಲ್ಲಿ ಯಾರಿದ್ರು ಎಲ್ಲ ಅದರಲ್ಲಿ ಬರ್ಬೇಕು. ಮತ್ತೆ ಸಿಸಿಟಿವಿ. ನನ್ನ ಪ್ರಕಾರ ಈ ಕೊನೆಯ ಎರಡು ಸಿಕ್ಕಿದ್ರೆ ಮೇಲಿನ ಎಲ್ಲದಕ್ಕಿಂತ ಹೆಚ್ಚು.

ಮೊದಲ ವಾರದಲ್ಲೇ ಮಾಡ್ಬೇಕಾದ್ದು

ಸಿಸಿಟಿವಿ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೇನೆ, ಯಾಕಂದ್ರೆ ಇದಕ್ಕೆ ಟೈಮ್ ಕಾಯುದಿಲ್ಲ. 2020ರ ಡಿಸೆಂಬರ್ 2ಕ್ಕೆ ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಎಲ್ಲ ಪೊಲೀಸ್ ಸ್ಟೇಷನಲ್ಲಿ ಕ್ಯಾಮರಾ ಬೇಕು, ಗೇಟಲ್ಲಿ, ಲಾಕಪ್ಪಲ್ಲಿ, ವರಾಂಡದಲ್ಲಿ, ಇನ್ಸ್‌ಪೆಕ್ಟರ್ ರೂಮಲ್ಲಿ ಎಲ್ಲ ಬೇಕು, ರೆಕಾರ್ಡಿಂಗ್ 18 ತಿಂಗಳು ಇಡ್ಬೇಕು, ಅಷ್ಟು ಇಡುವ ಮೆಷಿನ್ ಸಿಗದಿದ್ರೂ ಒಂದು ವರ್ಷಕ್ಕಿಂತ ಕಮ್ಮಿ ಆಗ್ಬಾರ್ದು ಅಂತ ಹೇಳಿದೆ. ಹೇಳಿದ್ದು ಹೌದು, ಆದ್ರೆ ಹಾರ್ಡ್ ಡಿಸ್ಕ್ ತುಂಬಿದ ಕೂಡ್ಲೆ ಹಳೇದರ ಮೇಲೆ ಹೊಸದು ಬೀಳ್ತಾ ಹೋಗ್ತದೆ. ಹಾಗಾಗಿ ಘಟನೆ ಆದ ಎರಡು ಮೂರು ದಿನದ ಒಳಗೆ ಒಂದು ಸಾದಾ ಕಾಗದದಲ್ಲಿ ಬರೀರಿ: ಇಂಥಾ ತಾರೀಕು, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಇಂಥಾ ಜಾಗದ ಕ್ಯಾಮರಾ, ಇದನ್ನು ಅಳಿಸದೆ ಬೇರೆ ತೆಗೆದಿಡ್ಬೇಕು, ನಾನು ಇದರ ಕಾಪಿ ಕೇಳ್ಲಿಕ್ಕೆ ಉಂಟು. ಇದನ್ನು ಸ್ಟೇಷನ್ ಹೌಸ್ ಆಫೀಸರಿಗೆ, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ಕಲೆಕ್ಟರಿಗೆ ಮೂರು ಜನಕ್ಕೂ ಸ್ಪೀಡ್ ಪೋಸ್ಟ್ ಮಾಡಿ. ಕಲೆಕ್ಟರಿಗೆ ಎಂತಕ್ಕೆ ಅಂದ್ರೆ ಅದೇ ತೀರ್ಪಿನಲ್ಲಿ ಕ್ಯಾಮರಾ ನೋಡ್ಕೊಳ್ಲಿಕ್ಕೆ ಜಿಲ್ಲಾ ಮಟ್ಟದ ಸಮಿತಿ ಮಾಡ್ಲಿಕ್ಕೆ ಹೇಳಿದ್ದಾರೆ, ಅದರಲ್ಲಿ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್, ಅಂದ್ರೆ ಕಲೆಕ್ಟರ್ ಕೂಡ ಇರ್ತಾರೆ. ಪೋಸ್ಟಿನ ರಶೀದಿ ಜಾಗ್ರತೆ, ನಾಳೆ "ಅಳಿಸಿ ಹೋಗಿದೆ" ಅಂತ ಉತ್ತರ ಬಂದ್ರೆ ಈ ಮೂರು ರಶೀದಿಯೇ ನಿಮ್ಮ ಆಯುಧ.

ಇದೆಲ್ಲ ಸುಮ್ಮನೆ ಪುಸ್ತಕದ ಮಾತು ಅಂತ ತಿಳ್ಕೊಳ್ಬೇಡಿ. ತೃಶೂರಿನ ಕುನ್ನಂಕುಳಂ ಸ್ಟೇಷನಲ್ಲಿ 2023ರ ಏಪ್ರಿಲಲ್ಲಿ ಒಬ್ಬ ಯೂತ್ ಕಾಂಗ್ರೆಸ್ ಸ್ಥಳೀಯ ನಾಯಕನಿಗೆ ಹೊಡೆದ ಪ್ರಕರಣ ನಿಮಗೆಲ್ಲ ನೆನಪಿರ್ಬಹುದು. ವೀಡಿಯೋ ಕೇಳಿದ್ರೆ ಕೊಡ್ಲಿಲ್ಲ, ಆ ಮನುಷ್ಯ ಬಿಡದೆ ಮಾಹಿತಿ ಹಕ್ಕಿನಲ್ಲಿ ರಾಜ್ಯ ಮಾಹಿತಿ ಆಯೋಗದವರೆಗೆ ಹೋಗಿ ಆರ್ಡರ್ ತಗೊಂಡ, 2025ರ ಸೆಪ್ಟೆಂಬರಲ್ಲಿ ಆ ವೀಡಿಯೋ ಟಿವಿಯಲ್ಲಿ ಬಂತು. ಅಷ್ಟರವರೆಗೆ ಇನ್ಕ್ರಿಮೆಂಟ್ ತಡೆಯ ಮಟ್ಟದಲ್ಲಿ ಮುಗಿದಿದ್ದ ವಿಷಯ, ವೀಡಿಯೋ ಹೊರಗೆ ಬಂದ ಕೆಲವೇ ದಿನಕ್ಕೆ ನಾಲ್ಕು ಪೊಲೀಸರ ಸಸ್ಪೆನ್ಶನ್ನಿಗೆ ಹೋಯ್ತು. ಎರಡು ವರ್ಷಕ್ಕಿಂತ ಹೆಚ್ಚು ಹಿಡಿದದ್ದು ಹೌದು. ಆದ್ರೆ ನಮ್ಮದೇ ರಾಜ್ಯದಲ್ಲಿ, ನಮ್ಮದೇ ಆಯೋಗದಲ್ಲಿ, ಹತ್ತು ರುಪಾಯಿಯ ಅರ್ಜಿಯ ದಾರಿಯಲ್ಲಿ ಆದದ್ದು.

ಪೆಟ್ಟು ಆಗಿದ್ರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಆಯ್ತು ಅಂತ ಡಾಕ್ಟ್ರ ಹತ್ರ ಸರಿಯಾಗಿ ಹೇಳಿ ಬರೆಸಿ, ಓಪಿ ಚೀಟಿಯಲ್ಲಿ ಟೈಮ್ ಉಂಟಾ ನೋಡಿ. "ಬಿದ್ದದ್ದು" ಅಂತ ಹೇಳಿ ಬಂದ್ರೆ ಆಮೇಲೆ ಸರಿ ಮಾಡ್ಲಿಕ್ಕೆ ತುಂಬಾ ಕಷ್ಟ. ಹೆದರಿ ಹಾಗೆ ಹೇಳಿದವರನ್ನು ನಾನು ನೋಡಿದ್ದೇನೆ, ಬೇಜಾರಾಗ್ತದೆ. ದೂರು ಕೊಟ್ಟಲ್ಲಿ ರಶೀದಿ ಕೇಳಿ ತಗೊಳ್ಳಿ, ಪೆಟಿಷನ್ ನಂಬರ್ ಬರ್ಕೊಳ್ಳಿ, ಅದೇ ನಂಬರಿಂದ ಫೈಲ್ ಹುಡುಕುದು.

ಅರ್ಜಿ ಬರೆಯುದು

ಮಾಹಿತಿ ಹಕ್ಕು ಕಾನೂನು 2005ರದ್ದು. ಕಾರಣ ಹೇಳ್ಬೇಕಂತ ಇಲ್ಲ, 6(2)ರಲ್ಲಿ ಸ್ಪಷ್ಟ ಉಂಟು. ಆದ್ರೆ "ಯಾಕೆ ಕ್ರಮ ತಗೊಳ್ಲಿಲ್ಲ", "ಇದು ನ್ಯಾಯವಾ" ಅಂತ ಕೇಳ್ಬೇಡಿ, ಇದ್ದ ದಾಖಲೆ ಕೊಡುದು ಮಾತ್ರ ಅವರ ಕೆಲಸ, ಹೊಸತಾಗಿ ವಿವರಣೆ ಬರ್ದು ಕೊಡುದಲ್ಲ, ಸುಪ್ರೀಂ ಕೋರ್ಟು ಇದನ್ನು 2011ರ ಸಿಬಿಎಸ್‌ಇ ತೀರ್ಪಿನಲ್ಲೇ ಹೇಳಿಯಾಗಿದೆ. ಸಿಟ್ಟು ಎಷ್ಟೇ ಇದ್ರೂ ಅರ್ಜಿಯಲ್ಲಿ ಬೇಡ. ಅಕ್ಕನಿಗೆ ನಾನು ಬರ್ದು ಕೊಟ್ಟದ್ದು ಹೆಚ್ಚುಕಮ್ಮಿ ಹೀಗೆ:

"ನಾನು ಇಂಥಾ ತಾರೀಕಿಗೆ ಕೊಟ್ಟ, ಇಂಥಾ ನಂಬರಿನ ದೂರಿಗೆ ಸಂಬಂಧಿಸಿ: ಒಂದು, ದೂರು ಬಂದ ದಿನದಿಂದ ಇಂದಿನವರೆಗಿನ ನೋಟ್ ಫೈಲ್ ಮತ್ತು ಪತ್ರ ವ್ಯವಹಾರದ ಸರ್ಟಿಫೈಡ್ ಕಾಪಿ. ಎರಡು, ವಿಚಾರಣೆ ಮಾಡಿದ ಆಫೀಸರು ಸಲ್ಲಿಸಿದ ರಿಪೋರ್ಟಿನ ಕಾಪಿ. ಮೂರು, ಆ ರಿಪೋರ್ಟಿನ ಮೇಲೆ ಹೊರಡಿಸಿದ ಆರ್ಡರಿನ ಕಾಪಿ. ನಾಲ್ಕು, ಇಂಥಾ ತಾರೀಕು ಸಂಜೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗಿನ ಸ್ಟೇಷನ್ ಜನರಲ್ ಡೈರಿಯ ಕಾಪಿ. ಐದು, ಅದೇ ಸಮಯದ ಗೇಟ್, ವರಾಂಡ, ಲಾಕಪ್ ಸಿಸಿಟಿವಿ ದೃಶ್ಯದ ಕಾಪಿ. ಇಲ್ಲದಿದ್ರೆ ಅದು ಯಾವ ತಾರೀಕಿಗೆ ಅಳಿಸಿ ಹೋಯ್ತು ಅಂತ ತೋರಿಸುವ ದಾಖಲೆಯ ಕಾಪಿ. ಆರು, ಯಾವುದಾದ್ರೂ ಭಾಗ ಕೊಡ್ಲಿಕ್ಕೆ ಆಗದಿದ್ರೆ ಸೆಕ್ಷನ್ 10ರ ಪ್ರಕಾರ ಆ ಭಾಗ ಮಾತ್ರ ಮುಚ್ಚಿ ಉಳಿದದ್ದು ಕೊಡ್ಬೇಕು."

ಈ ಆರನೇದು ಬಿಡ್ಬೇಡಿ. ಸಾಕ್ಷಿಯ ಹೆಸರು, ಅಡ್ರೆಸ್ಸು, ಫೋನ್ ನಂಬರು ಮುಚ್ಚಿ ಕೊಡಿ ಅಂತ ನೀವೇ ಹೇಳಿದ್ರೆ ಇಡೀ ಕಾಗದ ಇಲ್ಲ ಅನ್ಲಿಕ್ಕೆ ಅವರಿಗೆ ಕಾರಣ ಇರುದಿಲ್ಲ.

ದೂರು ಕೊಟ್ಟವರೇ ಅಲ್ಲದವರು, ಊರಿನ ಕ್ಲಬ್ಬಿನವರು, ಪತ್ರಕರ್ತರು ಕೇಳುದಾದ್ರೆ ಲೆಕ್ಕ ಕೇಳಿ. ನಮ್ಮ ಜಿಲ್ಲೆಯ ಸ್ಟೇಷನ್‌ಗಳಲ್ಲಿ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಹೀಗೆ ಒಂದೊಂದೇ ಹೆಸರು ಹಾಕಿ, ಇಂಥಾ ವರ್ಷದಿಂದ ಇಂಥಾ ವರ್ಷದವರೆಗೆ ಪೊಲೀಸರ ಮೇಲೆ ಬಂದ ದೂರು ಎಷ್ಟು, ಓರಲ್ ಎನ್ಕ್ವೈರಿ ಆದದ್ದು ಎಷ್ಟು, ಯಾವ ರ್‍ಯಾಂಕಿನವರಿಗೆ ಯಾವ ಶಿಕ್ಷೆ, ಹೆಸರು ಬೇಡ. ಹೆಸರಿಲ್ಲದ ಲೆಕ್ಕ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ.

ಭಾಷೆ, ಫೀಸು, ಯಾರಿಗೆ

ನಮಗೆ ಇರುವ ದೊಡ್ಡ ತಲೆನೋವು ಭಾಷೆ. ಕಾನೂನಿನ 6(1)ರಲ್ಲಿ ಇರುದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಅಂತ. 1969ರ ಕೇರಳ ಅಧಿಕೃತ ಭಾಷೆಗಳ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ತಗೊಳ್ಳುವ ಹಕ್ಕು ಕೊಟ್ಟಿದೆ. ದೂರು ಕೊಡುದಾದ್ರೆ ಸಂವಿಧಾನದ 350ನೇ ವಿಧಿಯೇ ಉಂಟು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದ್ರೂ ಅಹವಾಲು ಕೊಡ್ಬಹುದು. ಹಾಗಾಗಿ ಕನ್ನಡದಲ್ಲಿ ಬರೀಲಿಕ್ಕೆ ಹಿಂಜರಿಯುದು ಬೇಡ, ನಾನು ಯಾವಾಗಲೂ ಕನ್ನಡದ್ದೇ ಮೇಲೆ ಇಡುದು. ಆದ್ರೆ "ಭಾಷೆ ಅರ್ಥ ಆಗ್ಲಿಲ್ಲ" ಅಂತ ಇಪ್ಪತ್ತು ದಿನ ಹಾಳು ಮಾಡುದನ್ನು ತಪ್ಪಿಸ್ಲಿಕ್ಕೆ ಅದರ ಅಡಿಯಲ್ಲಿ ಇಂಗ್ಲಿಷ್ ಅಥವಾ ಮಲಯಾಳದ ಒಂದು ಪುಟ ಸೇರಿಸ್ತೇನೆ, ಕೊನೆಗೆ "ಉತ್ತರವನ್ನು ಕನ್ನಡ ಭಾಷೆಯಲ್ಲೇ ಕೊಡ್ಬೇಕು" ಅಂತ ಒಂದು ಸಾಲು. ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ರೆ ಬರ್ಕೊಳ್ಲಿಕ್ಕೆ ಸಹಾಯ ಮಾಡುದು ಮಾಹಿತಿ ಅಧಿಕಾರಿಯ ಕರ್ತವ್ಯ, ಅದೂ ಕಾನೂನಲ್ಲೇ ಉಂಟು.

ಫೀಸು ಹತ್ತು ರುಪಾಯಿ. ಕೇರಳದಲ್ಲಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ರೆ ಆಯ್ತು, ಆಫೀಸಲ್ಲಿ ಕ್ಯಾಶ್ ಕಟ್ಬಹುದು, ಟ್ರೆಷರಿ ಚಲನ್ ಆಗ್ತದೆ, ಡಿಡಿ ಆಗ್ತದೆ. ಪೋಸ್ಟಲ್ ಆರ್ಡರ್ ಮಾತ್ರ ಕೇರಳದ ರೂಲಿನ ಪಟ್ಟಿಯಲ್ಲಿ ಇಲ್ಲ, ಕರ್ನಾಟಕದ ಅಭ್ಯಾಸದಲ್ಲಿ ಅದನ್ನು ಕಳ್ಸಿ ಅರ್ಜಿ ವಾಪಸ್ ಬಂದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಬಿಪಿಎಲ್ ಆದ್ರೆ ಫೀಸೇ ಇಲ್ಲ, ರೇಷನ್ ಕಾರ್ಡಿನ ಕಾಪಿ ಇಡಿ. ಆನ್‌ಲೈನ್ ಪೋರ್ಟಲ್ ಕೂಡ ಉಂಟು, ನನಗೆ ವೈಯಕ್ತಿಕವಾಗಿ ಪೋಸ್ಟೇ ಇಷ್ಟ.

ಯಾರಿಗೆ ಅಂದ್ರೆ, ಫೈಲ್ ಎಲ್ಲಿ ಉಂಟೋ ಅಲ್ಲಿಗೆ. ಜಿ.ಡಿ., ಸಿಸಿಟಿವಿ ಸ್ಟೇಷನಲ್ಲಿ, ವಿಚಾರಣೆ ಫೈಲ್ ಹೆಚ್ಚಾಗಿ ಜಿಲ್ಲಾ ಪೊಲೀಸ್ ಆಫೀಸಲ್ಲಿ. ಹಾಗಾಗಿ ಎರಡು ಅರ್ಜಿ ಬೇರೆ ಬೇರೆ ಹಾಕುದು ಒಳ್ಳೇದು. ಮಾಹಿತಿ ಅಧಿಕಾರಿ ಯಾರು, ಅಪೀಲ್ ಕೇಳುವವರು ಯಾರು ಅಂತ ಆಫೀಸಿನ ಬೋರ್ಡಲ್ಲಿ ಇರ್ತದೆ. ತಪ್ಪಿ ಬೇರೆ ಆಫೀಸಿಗೆ ಹಾಕಿದ್ರೆ 6(3) ಪ್ರಕಾರ 5 ದಿನದ ಒಳಗೆ ಅವರೇ ಸರಿಯಾದ ಕಡೆಗೆ ಕಳಿಸ್ಬೇಕು.

"ಕೊಡ್ಲಿಕ್ಕೆ ಆಗುದಿಲ್ಲ" ಅಂತ ಬಂದ್ರೆ

30 ದಿನ ಟೈಮ್. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಆದ್ರೆ 48 ಗಂಟೆ, ಯಾರನ್ನಾದ್ರೂ ಹಿಡ್ಕೊಂಡು ಹೋಗಿ ಎಲ್ಲಿಟ್ಟಿದ್ದಾರೆ ಅಂತಲೇ ಗೊತ್ತಿಲ್ಲದಾಗ ಇದನ್ನು ದೊಡ್ಡ ಅಕ್ಷರದಲ್ಲಿ ಬರೀರಿ, ಜೊತೆಗೆ ಲಾಯರನ್ನು ಕೂಡ ಕಾಣಿ. ಟೈಮ್ ದಾಟಿ ಕೊಟ್ರೆ ಕಾಪಿಗೆ ದುಡ್ಡು ತಗೊಳ್ಲಿಕ್ಕೆ ಇಲ್ಲ.

ನಿರಾಕರಣೆ ಹೆಚ್ಚಾಗಿ ಕಾನೂನಿನ ಎರಡು ಸೆಕ್ಷನ್ ನಂಬರಲ್ಲಿ ಬರ್ತದೆ. ಮೊದಲನೇದು 8(1)(ಎಚ್), ತನಿಖೆಗೆ ಅಡ್ಡಿ ಆಗ್ತದೆ ಅಂತ. ಇದಕ್ಕೆ ಡೆಲ್ಲಿ ಹೈಕೋರ್ಟಿನ 2007ರ ಭಗತ್ ಸಿಂಗ್ ತೀರ್ಪು ಗಟ್ಟಿ ಉಂಟು: ತನಿಖೆ ನಡೀತಾ ಇದೆ ಅಂದ ಮಾತ್ರಕ್ಕೆ ಇಲ್ಲ ಅನ್ಲಿಕ್ಕೆ ಆಗುದಿಲ್ಲ, ಕೊಟ್ರೆ ಹೇಗೆ ಅಡ್ಡಿ ಆಗ್ತದೆ ಅಂತ ಅವರು ತೋರಿಸ್ಬೇಕು. ಮತ್ತೆ ನಮ್ಮ ಅಕ್ಕನ ಹಾಗೆ "ಕ್ರಮ ಆಗಿದೆ" ಅಂತ ಅವರೇ ಬರ್ದು ಕೊಟ್ಟಿದ್ರೆ ಇನ್ನು ಅಡ್ಡಿ ಆಗುದಾದ್ರೂ ಯಾವುದಕ್ಕೆ?

ಎರಡನೇದು 8(1)(ಜೆ), ವೈಯಕ್ತಿಕ ಮಾಹಿತಿ. ಇಲ್ಲಿ ನಿಜ ಹೇಳ್ಬೇಕು, ದಾರಿ ಇತ್ತೀಚೆಗೆ ಕಿರಿದಾಗಿದೆ. 2012ರಲ್ಲೇ ಗಿರೀಶ್ ದೇಶಪಾಂಡೆ ಕೇಸಲ್ಲಿ ಸುಪ್ರೀಂ ಕೋರ್ಟು ನೌಕರನಿಗೆ ಕೊಟ್ಟ ಮೆಮೊ, ಶೋಕಾಸ್ ನೋಟೀಸು, ಶಿಕ್ಷೆ ಎಲ್ಲ ವೈಯಕ್ತಿಕ ಅಂತ ಹೇಳಿತ್ತು, ದೊಡ್ಡ ಸಾರ್ವಜನಿಕ ಹಿತ ಇದ್ರೆ ಮಾತ್ರ ಕೊಡ್ಬಹುದು ಅಂತ. ಆಮೇಲೆ 2023ರ ಡಿಜಿಟಲ್ ಡೇಟಾ ಕಾನೂನು ಈ ಕಲಮನ್ನೇ ತಿದ್ದಿತು, 2025ರ ನವೆಂಬರಿಂದ ಅದು ಜಾರಿಗೆ ಬಂದು ಈಗ ಅಲ್ಲಿ ಉಳಿದದ್ದು "ವೈಯಕ್ತಿಕ ಮಾಹಿತಿ" ಅನ್ನುವ ಮಾತು ಮಾತ್ರ. ವಿಧಾನಸಭೆಗೆ ಇಲ್ಲ ಅನ್ಲಿಕ್ಕೆ ಆಗದ್ದನ್ನು ಜನರಿಗೂ ಇಲ್ಲ ಅನ್ಬಾರ್ದು ಅಂತ ಒಂದು ಚಂದದ ವಾಕ್ಯ ಇತ್ತು, ಅದನ್ನೂ ತೆಗೆದ್ರು. ನನಗೆ ಇದು ತುಂಬಾ ನೋವಿನ ವಿಷಯ, ಜನರ ಕೈಯಿಂದ ಒಂದು ಹತಾರ ಕಿತ್ಕೊಂಡ ಹಾಗೆ. ಆದ್ರೆ 8(2) ಇನ್ನೂ ಉಂಟು: ಬಚ್ಚಿಡುದರಿಂದ ಆಗುವ ರಕ್ಷಣೆಗಿಂತ ಬಹಿರಂಗ ಮಾಡುವ ಸಾರ್ವಜನಿಕ ಹಿತ ದೊಡ್ಡದಾದ್ರೆ ಕೊಡ್ಬಹುದು. ಅಪೀಲಲ್ಲಿ ಇದನ್ನು ಬಿಡಿಸಿ ಬರೀರಿ, ನಾನು ಕೇಳಿದ್ದು ಯಾರ ಮನೆಯ ವಿಷಯವೂ ಅಲ್ಲ, ಯೂನಿಫಾರ್ಮಲ್ಲಿ ಡ್ಯೂಟಿ ಟೈಮಲ್ಲಿ ಸರ್ಕಾರಿ ಕಟ್ಟಡದ ಒಳಗೆ ಆದದ್ದು, ನಾನೇ ದೂರುದಾರ, ನನ್ನ ಮೈಮೇಲೆ ಆದದ್ದು ಅಂತ.

ಕೆಲವು ಸಲ ಇದು ಸ್ಪೆಷಲ್ ಬ್ರಾಂಚಿನ (ಪೊಲೀಸಿನ ಗುಪ್ತಚರ ವಿಭಾಗ) ಫೈಲ್, ಸೆಕ್ಷನ್ 24ರಲ್ಲಿ ಮಾಹಿತಿ ಹಕ್ಕಿನಿಂದ ಹೊರಗೆ ಬಿಟ್ಟದ್ದು ಅಂತ ಹೇಳ್ತಾರೆ. ಅದೇ ಸೆಕ್ಷನಲ್ಲಿ ಭ್ರಷ್ಟಾಚಾರ ಮತ್ತೆ ಮಾನವ ಹಕ್ಕು ಉಲ್ಲಂಘನೆಯ ಆರೋಪದ ಮಾಹಿತಿಗೆ ಆ ರಕ್ಷಣೆ ಇಲ್ಲ ಅಂತ ಉಂಟು, ಮಾನವ ಹಕ್ಕಿನದ್ದಾದ್ರೆ ಮಾಹಿತಿ ಆಯೋಗದ ಒಪ್ಪಿಗೆ ತಗೊಂಡು 45 ದಿನದಲ್ಲಿ ಕೊಡ್ಬೇಕು. ಇನ್ನೊಂದು, ಆ ಪೊಲೀಸಿನವನಿಗೆ ನೋಟೀಸ್ ಕೊಟ್ಟು ಅಭಿಪ್ರಾಯ ಕೇಳ್ತೇವೆ ಅಂತ ಬಂದ್ರೆ ಗಾಬರಿ ಬೇಡ, ಅದು ಸೆಕ್ಷನ್ 11ರ ಕ್ರಮ, 40 ದಿನದ ಒಳಗೆ ತೀರ್ಮಾನ ಆಗ್ಬೇಕು. ಅವನು ಬೇಡ ಅಂದ್ರೂ ತೀರ್ಮಾನ ಅಧಿಕಾರಿಯದ್ದೇ.

ಉತ್ತರ ಬಂದ ದಿನದಿಂದ, ಅಥವಾ 30 ದಿನ ಕಳೆದ್ರೂ ಬಾರದಿದ್ರೆ ಆ ದಿನದಿಂದ, ಇನ್ನು 30 ದಿನದ ಒಳಗೆ ಮೊದಲ ಅಪೀಲ್, ಅದೇ ಇಲಾಖೆಯ ಮೇಲಿನ ಆಫೀಸರಿಗೆ. ಅವರು 30 ದಿನ, ಹೆಚ್ಚಂದ್ರೆ 45 ದಿನದಲ್ಲಿ ಮುಗಿಸ್ಬೇಕು. ಅಲ್ಲಿಯೂ ಆಗದಿದ್ರೆ 90 ದಿನದ ಒಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಅಪೀಲ್. ಈ ತಾರೀಕುಗಳನ್ನು ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರ್ತು ಹಾಕಿ, ನಮ್ಮವರು ಸೋಲುದು ಕಾನೂನಲ್ಲಿ ಅಲ್ಲ, ತಾರೀಕಲ್ಲಿ. ಸುಮ್ಮಸುಮ್ಮನೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರುಪಾಯಿ, ಒಟ್ಟು 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕೆ ಉಂಟು, ಅದನ್ನೂ ಅಪೀಲಲ್ಲಿ ಕೇಳಿ.

ಮಾಹಿತಿ ಹಕ್ಕಿನ ಆಚೆಗೆ

ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ರಾಜ್ಯಗಳು ಪೊಲೀಸ್ ಕಂಪ್ಲೇಂಟ್ಸ್ ಅಥಾರಿಟಿ ಮಾಡ್ಬೇಕಾಯ್ತು. ಕೇರಳದಲ್ಲಿ 2011ರ ಪೊಲೀಸ್ ಕಾನೂನಿನ ಸೆಕ್ಷನ್ 110ರಲ್ಲಿ ಜಿಲ್ಲಾ ಮಟ್ಟದ್ದೂ ಉಂಟು, ಡಿವೈಎಸ್‌ಪಿ ರ್‍ಯಾಂಕಿನವರೆಗಿನವರ ಮೇಲಿನ ದೂರು ಅಲ್ಲಿ ಕೇಳ್ತಾರೆ. ನಿವೃತ್ತ ಜಿಲ್ಲಾ ಜಡ್ಜ್, ಕಲೆಕ್ಟರ್, ಜಿಲ್ಲಾ ಪೊಲೀಸ್ ಮುಖ್ಯಸ್ಥ ಇರುದು. ಪೊಲೀಸ್ ಮುಖ್ಯಸ್ಥರೇ ಅಲ್ಲಿ ಕೂತ್ಕೊಳ್ಳುದು ನನಗೆ ಸರಿ ಕಾಣುದಿಲ್ಲ, ಆದ್ರೂ ಹೋಗಿ. ಅಲ್ಲಿ ವಿಚಾರಣೆ ಆದ್ರೆ ಅದರದ್ದೇ ಒಂದು ದಾಖಲೆ ಹುಟ್ತದೆ, ಆ ದಾಖಲೆಯನ್ನು ಕೂಡ ಮಾಹಿತಿ ಹಕ್ಕಿನಲ್ಲಿ ಕೇಳ್ಬಹುದು. ಎಸ್‌ಪಿ ಮತ್ತೆ ಅದಕ್ಕಿಂತ ಮೇಲಿನವರದ್ದು, ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದಂಥದ್ದು ರಾಜ್ಯ ಅಥಾರಿಟಿಗೆ ಹೋಗ್ಬೇಕು.

ರಾಜ್ಯ ಮಾನವ ಹಕ್ಕು ಆಯೋಗಕ್ಕೆ ಒಂದು ವರ್ಷದ ಒಳಗೆ ಕೊಡ್ಬೇಕು. ಎಫ್‌ಐಆರ್ ಆಗಿದ್ರೆ ದೂರು ಕೊಟ್ಟವರಿಗೆ ಕಾಪಿ ಫ್ರೀ, 2016ರ ಸುಪ್ರೀಂ ಕೋರ್ಟ್ ಆರ್ಡರಿನ ಮೇಲೆ ಸೂಕ್ಷ್ಮ ಕೇಸು ಬಿಟ್ಟು ಉಳಿದದ್ದು ವೆಬ್‌ಸೈಟಿಗೂ ಹಾಕ್ಬೇಕು, ಕೇರಳ ಪೊಲೀಸಿನ ತುಣ ಪೋರ್ಟಲಲ್ಲಿ ಹುಡ್ಕಿ. ಮತ್ತೆ ನಿಮ್ಮ ಎಂಎಲ್‌ಎ ಹತ್ರ ಹೋಗಿ ವಿಧಾನಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕಿಸಿ, ಜಿಲ್ಲೆಯ ಲೆಕ್ಕ ಮಂತ್ರಿಯ ಸಹಿಯಲ್ಲೇ ಬರ್ತದೆ.

ತಲಪಾಡಿ ಆಚೆ ಆದದ್ದಾದ್ರೆ ರೂಲ್ ಬೇರೆ, ಗಡಿಯಲ್ಲಿ ಇರುವ ನಮಗೆ ಇದು ಆಗಾಗ ಬರ್ತದೆ. ಮಂಗಳೂರು ಕಡೆಯ ಸ್ಟೇಷನ್ನಿಗೆ ಕರ್ನಾಟಕದ ರೂಲ್ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಶಬ್ದ ಮೀರ್ಬಾರ್ದು, ಅಲ್ಲಿಗೆ ಪೋಸ್ಟಲ್ ಆರ್ಡರ್ ನಡೀತದೆ. ಮೇಲೆ ಬರೆದ ಆರು ಅಂಶದ ಅರ್ಜಿಯನ್ನು ಅಲ್ಲಿಗೆ ಹಾಗೇ ಕಳಿಸ್ಬೇಡಿ, ಒಡೆದು ಎರಡು ಮೂರು ಮಾಡಿ.

ಅಕ್ಕನ ವಿಷಯ ಹೇಳ್ಲಿಲ್ಲ ಅಲ್ವಾ. ಸಿಸಿಟಿವಿ ಸಿಗ್ಲಿಲ್ಲ, ನಾವು ಕೇಳುವಾಗಲೇ ತಡ ಆಗಿತ್ತು, ತೆಗೆದಿಡಿ ಅಂತ ಮೊದಲೇ ಯಾರೂ ಬರ್ದು ಕೊಟ್ಟಿರ್ಲಿಲ್ಲ. ವಿಚಾರಣೆ ರಿಪೋರ್ಟು 8(1)(ಜೆ) ಅಂತ ಒಂದ್ಸಲ ವಾಪಸ್ ಬಂತು, ಮೊದಲ ಅಪೀಲಲ್ಲಿ ಹನ್ನೊಂದು ಪುಟ ಬಂತು, ಸಾಕ್ಷಿಗಳ ಹೆಸರಿನ ಮೇಲೆ ಕಪ್ಪು ಗೀಟು ಹಾಕಿ. "ಸೂಕ್ತ ಕ್ರಮ" ಅಂದ್ರೆ ಎಂತ ಅಂತ ಕೊನೆಯ ಪುಟದಲ್ಲಿ ಇತ್ತು, ಕರೆದು ಬುದ್ಧಿ ಹೇಳಿದ್ದು. ಹುಡುಗನನ್ನು ಹತ್ತೂಕಾಲಕ್ಕೆ ಬಿಟ್ಟಿದ್ದೇವೆ ಅಂತ ರಿಪೋರ್ಟು ಹೇಳ್ತದೆ, ಜೊತೆಗೆ ಬಂದ ಜಿ.ಡಿ. ಕಾಪಿಯಲ್ಲಿ ಬಿಟ್ಟ ಟೈಮ್ ಹನ್ನೆರಡೂ ಐವತ್ತು, ಆಸ್ಪತ್ರೆಯ ಓಪಿ ಚೀಟಿಯಲ್ಲಿ ಒಂದೂವರೆ. ಅಕ್ಕ ಮೂರೂ ಕಾಗದ ಒಂದೇ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಹೋದ ತಿಂಗಳು ಜಿಲ್ಲಾ ಕಂಪ್ಲೇಂಟ್ಸ್ ಅಥಾರಿಟಿಗೆ ಕೊಟ್ಟು ಬಂದಿದ್ದಾರೆ, ರಶೀದಿ ನನ್ನ ಹತ್ರವೇ ಉಂಟು.